ರಾಜಾಬಾಯಿ ಗೋಪುರವನ್ನು ಹಾಳೆಯ ಮೇಲೆ ನಿಲ್ಲಿಸಿದ ಹನ್ನೊಂದು ತಿಂಗಳು

ಒಂದಕ್ಕೆ ನೂರೈವತ್ತರ ಅಳತೆಯಲ್ಲಿ ಮುಂಬಯಿಯ ರಾಜಾಬಾಯಿ ಗೋಪುರದ ಎತ್ತರ 56.9 ಸೆಂಟಿಮೀಟರ್. ನೆಲದಿಂದ ಕಳಶದ ತುದಿಯವರೆಗೆ 280 ಅಡಿ, ಅಂದರೆ ಸುಮಾರು 85.3 ಮೀಟರ್ ಎತ್ತರವಿರುವ ಆ ಗೋಪುರವನ್ನೂ ಅದರ ಎರಡು ಬದಿಗಳಿಗೆ ಚಾಚಿಕೊಂಡಿರುವ ವಿಶ್ವವಿದ್ಯಾಲಯದ ಗ್ರಂಥಾಲಯವನ್ನೂ 84.1 ಸೆಂಟಿಮೀಟರ್ ಉದ್ದದ ಎ-1 ಹಾಳೆಯ ಮೇಲೆ ನಿಲ್ಲಿಸಿ, ಮೇಲೆ ಆಕಾಶಕ್ಕೂ ಕೆಳಗೆ ನೆಲಕ್ಕೂ ಒಂದಿಷ್ಟು ಜಾಗ ಉಳಿಸಿಕೊಳ್ಳಬೇಕಾದರೆ ನನಗೆ ಹೊಂದಿದ ಅಳತೆ ಅದೊಂದೇ. ಒಂದಕ್ಕೆ ನೂರು ಎಂದು ಹಿಡಿದರೆ ಗೋಪುರವೇ ಹಾಳೆಯನ್ನು ಮೀರುತ್ತಿತ್ತು. ಒಂದಕ್ಕೆ ಇನ್ನೂರು ಎಂದು ಹಿಡಿದರೆ ಗೂಡುಗಳಲ್ಲಿ ನಿಂತ ಪ್ರತಿಮೆಗಳು ಭತ್ತದ ಕಾಳಿಗಿಂತ ಹೆಚ್ಚೇನೂ ದೊಡ್ಡದಾಗಿರುತ್ತಿರಲಿಲ್ಲ. ಅಳತೆಯನ್ನು ತೀರ್ಮಾನಿಸುವುದಕ್ಕೆ ಎರಡು ದಿನ ಸಾಕಾಯಿತು. ಚಿತ್ರ ಮುಗಿಯುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು.

ನಾನು ಫೋರ್ಟ್ ಪ್ರದೇಶದ ಒಂದು ವಾಸ್ತುಶಿಲ್ಪ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಡ್ರಾಫ್ಟ್ಸ್‌ಮನ್ ಆಗಿ ದುಡಿದು ನಿವೃತ್ತನಾದವನು. ಮೊದಲ ಹದಿನೈದು ವರ್ಷ ಟ್ರೇಸಿಂಗ್ ಕಾಗದ, ಇಂಕ್ ಪೆನ್ನು, ಟಿ-ಸ್ಕ್ವೇರುಗಳ ಜೊತೆ ಕಳೆದೆ. ಉಳಿದ ವರ್ಷಗಳನ್ನು ಕಂಪ್ಯೂಟರಿನ ಮುಂದೆ ಕಳೆದೆ. ನನ್ನ ತಂದೆ ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿ, ರಾತ್ರಿಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಕೈಗೆ ಗಡಿಯಾರವಿಲ್ಲದ ಆ ಹುಡುಗರಿಗೆ ತಟ್ಟೆ-ಲೋಟ ತೊಳೆದಿಟ್ಟು ಶಾಲೆಗೆ ಹೊರಡುವ ಹೊತ್ತಾಯಿತೆಂದು ತಿಳಿಸುತ್ತಿದ್ದುದು ರಾಜಾಬಾಯಿ ಗೋಪುರದ ಗಂಟೆ. ಆ ಗಂಟೆಯ ಮಾತು ನಮ್ಮ ಮನೆಯಲ್ಲಿ ಆಗಾಗ ಬರುತ್ತಿತ್ತು. ಹೀಗಾಗಿ ನಿವೃತ್ತಿಯ ನಂತರ ಕೈಯಿಂದ ಒಂದು ಕಟ್ಟಡವನ್ನು ಪೂರ್ತಿಯಾಗಿ ಬರೆಯಬೇಕೆಂದು ನಿಶ್ಚಯಿಸಿದಾಗ ಯಾವ ಕಟ್ಟಡ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ.

ಈ ಕಟ್ಟಡಕ್ಕೂ ಕಾಗದಕ್ಕೂ ಇರುವ ನಂಟು ಸಾಮಾನ್ಯವಾದುದಲ್ಲ. ಇದನ್ನು ರೂಪಿಸಿದ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಕಾಲಿಟ್ಟವರೇ ಅಲ್ಲ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಹೋಟೆಲನ್ನು ಕಟ್ಟಿಸಿದ ಆ ಶಿಲ್ಪಿ, ತಾನು ನೋಡದ ಊರಿಗೆ, ತಾನು ಅನುಭವಿಸದ ಮಳೆ-ಬಿಸಿಲಿಗೆ, ತಾನು ಮುಟ್ಟದ ಕಲ್ಲಿಗೆ ಗ್ರಂಥಾಲಯವೊಂದನ್ನು ನಕ್ಷೆಯಲ್ಲಿ ಬರೆದು ಹಡಗಿನಲ್ಲಿ ಕಳುಹಿಸಿದರು. 1869ರ ಮಾರ್ಚ್ 1ರಂದು ಅಡಿಗಲ್ಲು ಬಿತ್ತು. 1878ರ ನವೆಂಬರಿನಲ್ಲಿ ಗೋಪುರ ಪೂರ್ಣಗೊಂಡಿತು. ಸ್ಕಾಟ್ ಅದೇ ವರ್ಷದ ಮಾರ್ಚಿನಲ್ಲಿಯೇ ತೀರಿಕೊಂಡಿದ್ದರು. ಹತ್ತಿಯ ವ್ಯಾಪಾರದಲ್ಲಿಯೂ ಷೇರು ದಲ್ಲಾಳಿತನದಲ್ಲಿಯೂ ಹೆಸರು ಮಾಡಿದ್ದ ಪ್ರೇಮಚಂದ ರಾಯಚಂದರು ಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟು ತಮ್ಮ ತಾಯಿ ರಾಜಾಬಾಯಿಯ ಹೆಸರನ್ನು ಇಡಿಸಿದರು. ಕಣ್ಣು ಕಾಣದ ಆ ಜೈನ ತಾಯಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಿಯಮವನ್ನು ಯಾರ ನೆರವೂ ಇಲ್ಲದೆ ಪಾಲಿಸುವುದಕ್ಕೆ ಈ ಗಂಟೆ ಆಸರೆಯಾಗಿತ್ತೆಂದು ಮುಂಬಯಿಯಲ್ಲಿ ಇಂದಿಗೂ ಹೇಳುತ್ತಾರೆ.

ನಕ್ಷೆಯಾಗಿ ಬಂದ ಕಟ್ಟಡವನ್ನು ನಕ್ಷೆಯಾಗಿಯೇ ಮತ್ತೆ ಬರೆಯುವುದೆಂದರೆ ಶಿಲ್ಪಿಯ ಹಾಳೆಯನ್ನು ನಕಲು ಮಾಡುವುದು ಎಂದು ನಾನು ಭಾವಿಸಲಿಲ್ಲ. ಲಂಡನ್ನಿನಿಂದ ಬಂದ ಹಾಳೆಗಳು ಎಷ್ಟೇ ವಿವರವಾಗಿದ್ದರೂ ಪ್ರತಿಯೊಂದು ಎಲೆ, ಪ್ರತಿಯೊಂದು ಮುಖ, ಪ್ರತಿಯೊಂದು ಕಲ್ಲಿನ ಸಂದು ಹೇಗಿರಬೇಕೆಂದು ಹೇಳಲಾರವು. ಅದನ್ನು ತೀರ್ಮಾನಿಸಿದವರು ಇಲ್ಲಿ ಉಳಿ ಹಿಡಿದವರು. ನನ್ನ ಚಿತ್ರದಲ್ಲಿ ಇಬ್ಬರ ತೀರ್ಮಾನಗಳೂ ಕಾಣಬೇಕು, ಅಂದರೆ ಗೆರೆಯ ಲೆಕ್ಕವೂ ಕಾಣಬೇಕು, ಕೈಯ ಲೆಕ್ಕವೂ ಕಾಣಬೇಕು ಎಂಬುದೊಂದೇ ನಾನು ಮೊದಲ ದಿನದಿಂದ ಇಟ್ಟುಕೊಂಡ ಗುರಿ. ಫೋಟೋವನ್ನು ಕೆಳಗಿಟ್ಟು ಮೇಲೆ ಟ್ರೇಸಿಂಗ್ ಕಾಗದ ಹಾಸಿ ಗೆರೆ ಎಳೆದರೆ ಚಿತ್ರವೊಂದು ದೊರೆಯುತ್ತದೆ, ಆದರೆ ಒಂದು ಕಮಾನು ಎಲ್ಲಿಂದ ಹೊರಟು ಯಾವ ಕೇಂದ್ರದ ಸುತ್ತ ತಿರುಗಿತು ಎಂಬುದು ಬರೆದವನಿಗೇ ತಿಳಿದಿರುವುದಿಲ್ಲ. ಬರೆದವನಿಗೆ ತಿಳಿಯದೆ ಎಳೆದ ಗೆರೆ ನೋಡುವವನಿಗೂ ಏನನ್ನೂ ಹೇಳುವುದಿಲ್ಲ.

ಆದ್ದರಿಂದ ನೋಟದ ಚಿತ್ರದ ಬದಲು ಎಲಿವೇಶನ್, ಅಂದರೆ ದೂರ-ಹತ್ತಿರಗಳ ಕುಗ್ಗುವಿಕೆಯಿಲ್ಲದೆ ಕಟ್ಟಡದ ಮುಖವನ್ನು ನೇರ ಎದುರಿನಿಂದ ಅಳತೆಗೆ ತಕ್ಕಂತೆ ತೋರಿಸುವ ನಕ್ಷೆಯನ್ನು, ಬರೆಯಲು ನಿರ್ಧರಿಸಿದೆ. ಗೋಪುರದ ಎದುರಿನ ಓವಲ್ ಮೈದಾನದಲ್ಲಿ ನಿಂತು ಕಣ್ಣಿಗೆ ಕಂಡಂತೆ ಬರೆದರೆ ಗೋಪುರದ ಮೇಲ್ಭಾಗ ದೂರಕ್ಕೆ ಸರಿದು ಕುಗ್ಗುತ್ತದೆ, ಗೋಪುರವನ್ನು ಹೊತ್ತ ಪೋರ್ಚು ಮುಂದಕ್ಕೆ ಬಂದು ಹಿಂದಿನ ಕೋಣೆಗಳನ್ನು ಮರೆಮಾಡುತ್ತದೆ. ಎಲಿವೇಶನ್ನಿನಲ್ಲಿ ಹಾಗಲ್ಲ, 200 ಅಡಿಯ ಮೇಲಿರುವ ಕಲ್ಲಿಗೂ ಬಾಗಿಲ ಪಕ್ಕದ ಕಲ್ಲಿಗೂ ಒಂದೇ ನ್ಯಾಯ. ಅಳತೆಪಟ್ಟಿಯನ್ನು ಎಲ್ಲಿಟ್ಟರೂ ಅದು ನಿಜವನ್ನೇ ಹೇಳಬೇಕು. ನೋಟದ ಸೊಗಸನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದು ನಿಜ. ಆದರೆ ನೆರಳನ್ನು ಸರಿಯಾಗಿ ಬಿಡಿಸಿದರೆ ಕಟ್ಟಡದ ಆಳವೂ ಮುಂಚಾಚುಗಳೂ ಎಲಿವೇಶನ್ನಿನಲ್ಲಿಯೇ ಎದ್ದು ಕಾಣುತ್ತವೆ.

ಎತ್ತರದ ಲೆಕ್ಕಕ್ಕೆ ಬುನಾದಿ ಮೊದಲೇ ಸಿಕ್ಕಿತ್ತು. ಗೋಪುರದ ಮೂರು ಹಂತಗಳ ಅಳತೆ ಹಳೆಯ ವಿವರಣೆಗಳಲ್ಲಿ ದಾಖಲಾಗಿದೆ: ಗಾಡಿಗಳು ನಿಲ್ಲುತ್ತಿದ್ದ ಪೋರ್ಚಿನ ನೆಲದಿಂದ ಮೊದಲ ಮೊಗಸಾಲೆಯವರೆಗೆ 68 ಅಡಿ ಚೌಕಾಕಾರ, ಅಲ್ಲಿಂದ 118 ಅಡಿ ಅಷ್ಟಕೋನ, ಅದರ ಮೇಲೆ ಕಳಶದ ತುದಿಗೆ 94 ಅಡಿ. ನನ್ನ ಹಾಳೆಯಲ್ಲಿ ಅವು 13.8, 24 ಮತ್ತು 19.1 ಸೆಂಟಿಮೀಟರ್ ಆದವು. 26 ಅಡಿ ಚೌಕದ ಪೋರ್ಚು 5.3 ಸೆಂಟಿಮೀಟರ್ ಅಗಲವಾಯಿತು. ಆದರೆ ಪುಸ್ತಕದ ಅಂಕೆಯನ್ನು ಕಣ್ಣಾರೆ ಪರೀಕ್ಷಿಸದೆ ಪೆನ್ಸಿಲ್ ಹಿಡಿಯುವ ಅಭ್ಯಾಸ ನನಗಿಲ್ಲ. ಶಾಲೆಯ ಮಕ್ಕಳು ಬಳಸುವ ದೊಡ್ಡ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಸೀಸದ ಗುಂಡು ತೂಗುಬಿಟ್ಟು, ಅಂಚಿಗೆ ಖಾಲಿ ಪೆನ್ನಿನ ಕೊಳವೆಯನ್ನು ಅಂಟಿಸಿಕೊಂಡೆ. ಒಂದು ಭಾನುವಾರ ಬೆಳಿಗ್ಗೆ, ಕ್ರಿಕೆಟ್ಟಿನ ಹುಡುಗರು ಇನ್ನೂ ಸ್ಟಂಪು ನೆಡುವುದಕ್ಕೆ ಮುಂಚೆ, ಗೋಪುರದ ನಡುರೇಖೆಯಿಂದ 150 ಮೀಟರ್ ದೂರವನ್ನು ಟೇಪಿನಲ್ಲಿ ಅಳೆದು ನಿಂತು ಕೊಳವೆಯ ಮೂಲಕ ಕಳಶದ ತುದಿಯನ್ನು ನೋಡಿದೆ. ದಾರ 29 ಡಿಗ್ರಿಗಿಂತ ಕೂದಲೆಳೆಯಷ್ಟು ಮುಂದೆ ನಿಂತಿತು. 150 ಮೀಟರಿಗೆ ಆ ಕೋನದ ಸ್ಪರ್ಶಕದಿಂದ ಬರುವ ಎತ್ತರಕ್ಕೆ ನನ್ನ ಕಣ್ಣಿನ ಎತ್ತರ ಒಂದೂವರೆ ಮೀಟರನ್ನು ಸೇರಿಸಿದರೆ 85 ಮೀಟರಿನ ಆಸುಪಾಸು. ಲೆಕ್ಕ ಕೂಡಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ದೂರವನ್ನು ರಸ್ತೆಯ ಅಂಚಿನವರೆಗೆ ಅಳೆಯದೆ ಕಳಶದ ನೇರ ಕೆಳಗಿನ ಬಿಂದುವಿನವರೆಗೆ ಅಳೆಯಬೇಕು. ಪೋರ್ಚಿನ ಅರ್ಧ ಆಳವನ್ನು ಮರೆತರೂ ಎತ್ತರದಲ್ಲಿ ಎರಡು ಮೀಟರಿಗಿಂತ ಹೆಚ್ಚು ತಪ್ಪು ಬರುತ್ತದೆ.

ಮೊದಲ ದೊಡ್ಡ ತಪ್ಪು ನಡೆದದ್ದು ಅಷ್ಟಕೋನದಲ್ಲಿ. ಚೌಕ ಗೋಪುರ ಮೊಗಸಾಲೆಯ ಮೇಲೆ ಎಂಟು ಮುಖಗಳದ್ದಾಗುತ್ತದೆ. ಮುಂದಿನಿಂದ ನೋಡಿದರೆ ನಮಗೆ ಕಾಣುವುದು ಮೂರು ಮುಖಗಳು. ನಾನು ಅವಸರದಲ್ಲಿ ಅಗಲವನ್ನು ಮೂರು ಸಮಭಾಗ ಮಾಡಿ ಗೆರೆ ಎಳೆದೆ. ಎರಡು ವಾರ ಅದರ ಮೇಲೆಯೇ ಕಿಟಕಿ, ಕಂಬ, ಗೂಡುಗಳನ್ನು ಪೆನ್ಸಿಲಿನಲ್ಲಿ ತುಂಬಿಸಿದೆ. ಏನೋ ಸರಿಯಿಲ್ಲ ಎಂದು ಮನಸ್ಸು ಹೇಳುತ್ತಲೇ ಇತ್ತು. ಗೋಪುರ ಎದೆ ಒಳಕ್ಕೆಳೆದುಕೊಂಡು ನಿಂತಂತೆ ಚಪ್ಪಟೆಯಾಗಿ ಕಾಣುತ್ತಿತ್ತು. ಕೊನೆಗೆ ಎಲಿವೇಶನ್ನಿನ ಕೆಳಗೆ ಪ್ಲಾನನ್ನು, ಅಂದರೆ ನೇರ ಮೇಲಿನಿಂದ ನೋಡಿದ ನಕ್ಷೆಯನ್ನು, ಬರೆದು ಮೂಲೆಗಳಿಂದ ನೇರ ಮೇಲಕ್ಕೆ ಗೆರೆ ತೆಗೆದಾಗ ತಪ್ಪು ಕಣ್ಣಿಗೆ ಬಿತ್ತು. ಸಮಬಾಹು ಅಷ್ಟಕೋನವನ್ನು ಮುಂದಿನಿಂದ ನೋಡಿದಾಗ ನಡುವಿನ ಮುಖ ಒಟ್ಟು ಅಗಲದ 0.414 ಭಾಗ, ಓರೆಯಾದ ಪಕ್ಕದ ಮುಖಗಳು ತಲಾ 0.293 ಭಾಗ ಮಾತ್ರ. ಐದು ಸೆಂಟಿಮೀಟರ್ ಅಗಲದ ಅಷ್ಟಕೋನವಾದರೆ ನಡುವೆ 2.07, ಬದಿಗಳಲ್ಲಿ 1.46; ಸಮಭಾಗವೆಂದರೆ ಮೂರಕ್ಕೂ 1.67. ನಾಲ್ಕು ಮಿಲಿಮೀಟರಿನ ಈ ವ್ಯತ್ಯಾಸವೇ ಗೋಪುರಕ್ಕೆ ದುಂಡನೆಯ ಮೈಕಟ್ಟನ್ನು ಕೊಡುತ್ತದೆ. ಎರಡು ವಾರದ ಕೆಲಸವನ್ನು ರಬ್ಬರಿನಿಂದ ಅಳಿಸಿ ಮತ್ತೆ ಶುರು ಮಾಡಿದೆ. ಕಚೇರಿಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ‘ಪ್ಲಾನ್ ಇಲ್ಲದೆ ಎಲಿವೇಶನ್ ಮುಟ್ಟಬೇಡ’ ಎಂದು ಹೇಳುತ್ತಿದ್ದುದು ಅಳಿಸುವಾಗ ಪ್ರತಿ ಗೆರೆಗೂ ನೆನಪಾಯಿತು.

ಕಮಾನುಗಳ ಕೆಲಸವನ್ನು ನಾನು ಮುಖ್ಯ ಹಾಳೆಯ ಮೇಲೆ ಆರಂಭಿಸಲಿಲ್ಲ. ವೆನಿಸ್ಸಿನ ಗೋಥಿಕ್ ಶೈಲಿಯ ಈ ಕಟ್ಟಡದಲ್ಲಿ ಕಮಾನು ಚೂಪಾಗಿರುತ್ತದೆ, ಅಂದರೆ ಎರಡು ಬೇರೆ ಕೇಂದ್ರಗಳಿಂದ ಎಳೆದ ಎರಡು ಕಂಸಗಳು ನೆತ್ತಿಯಲ್ಲಿ ಸೇರುತ್ತವೆ. ಕಮಾನು ಹೊರಡುವ ಎರಡು ತುದಿಗಳನ್ನೇ ಕೇಂದ್ರವಾಗಿಟ್ಟು ಅದರ ಅಗಲದಷ್ಟೇ ತ್ರಿಜ್ಯದಲ್ಲಿ ಕೈವಾರ ತಿರುಗಿಸಿದರೆ ಎತ್ತರ ಅಗಲದ 0.866 ಪಾಲು ಬರುತ್ತದೆ. ಅದಕ್ಕಿಂತ ಎತ್ತರವಾದ ಕಮಾನಿನ ಕೇಂದ್ರಗಳು ಹೊರಗಿರುತ್ತವೆ, ತಗ್ಗಾದ ಕಮಾನಿನವು ಒಳಗಿರುತ್ತವೆ. ದೂರದಿಂದ, ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡದೆ ಮಟ್ಟವಾಗಿ ಹಿಡಿದು ತೆಗೆದ ಫೋಟೋದಲ್ಲಿ ಪ್ರತಿಯೊಂದು ಬಗೆಯ ಕಮಾನಿನ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣವನ್ನು ಅಳೆದು, ಕೇಂದ್ರವನ್ನು ಕಂಡುಹಿಡಿದು, ಮೊದಲು ಒಂದಕ್ಕೆ ಇಪ್ಪತ್ತರ ಅಳತೆಯಲ್ಲಿ ದೊಡ್ಡದಾಗಿ ಬರೆದುಕೊಂಡೆ. ಕಂಬದ ತಲೆಯ ಎಲೆಗಳು, ಕಮಾನಿನೊಳಗಿನ ಮೂರು ದಳದ ಕೊರೆತ, ಕಲ್ಲಿನಲ್ಲಿ ತೂತು ತೆಗೆದ ಪ್ಯಾರಾಪೆಟ್ಟು ಎಲ್ಲವೂ ಆ ದೊಡ್ಡ ಹಾಳೆಗಳಲ್ಲಿ ಮೊದಲು ಕೂಡಿಬಂದವು. ಹೀಗೆ ತಯಾರಾದ ಹದಿನೇಳು ಹಾಳೆಗಳನ್ನು ನೋಡಿಕೊಂಡೇ ಚಿಕ್ಕ ಅಳತೆಗೆ ಇಳಿಸಿದೆ. ದೊಡ್ಡದಾಗಿ ಒಮ್ಮೆ ಬರೆದ ಎಲೆಯನ್ನು ಕೈ ಮರೆಯುವುದಿಲ್ಲ. ಎರಡು ಮಿಲಿಮೀಟರಿನಲ್ಲಿ ಅದನ್ನು ಮತ್ತೆ ಬರೆಯುವಾಗ ಯಾವ ತಿರುವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಅದಕ್ಕೆ ಗೊತ್ತಿರುತ್ತದೆ.

ಕಲ್ಲಿನ ಸಂದುಗಳ ವಿಷಯದಲ್ಲಿ ನಾನು ತಿಂಗಳುಗಟ್ಟಲೆ ಯೋಚಿಸಿದ್ದೇನೆ. ಗೋಡೆಗೆ ಬಳಸಿದ್ದು ಕುರ್ಲಾದ ನಸುಹಳದಿ ಕಲ್ಲು. 2015ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ದಶಕಗಳ ಮಸಿ ತೊಳೆದುಹೋದ ಮೇಲೆ ಆ ಬಣ್ಣ ಮತ್ತೆ ಕಾಣುವಂತಾಯಿತು, ಸಂದುಗಳೂ ಸ್ಪಷ್ಟವಾದವು. ಆ ಕೆಲಸವನ್ನು ನಡೆಸಿದವರು ವಾಸ್ತುಶಿಲ್ಪಿ ಬೃಂದಾ ಸೋಮಯ್ಯ. ಅದಕ್ಕೆ 2018ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಗೌರವವೂ ಸಂದಿತು. ಅದೇ ವರ್ಷ ಓವಲ್ ಮೈದಾನದ ಆಚೀಚೆಯ ವಿಕ್ಟೋರಿಯನ್ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಾಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಾನು ಚಿತ್ರ ಆರಂಭಿಸಿದ್ದು ಇದೆಲ್ಲ ಆದ ಮೇಲೆ. ಹಾಗಾಗಿ ನನಗೆ ಕಂಡಷ್ಟು ಸಂದುಗಳು ನನ್ನ ಮೊದಲಿನವರಿಗೆ ಕಂಡಿರಲಾರವು.

ಆದರೆ ಕಂಡದ್ದನ್ನೆಲ್ಲ ಬರೆಯುವಂತಿಲ್ಲ. ಒಂದು ಅಡಿ ಎತ್ತರದ ಕಲ್ಲಿನ ವರಸೆ ನನ್ನ ಅಳತೆಯಲ್ಲಿ ಎರಡು ಮಿಲಿಮೀಟರ್ ಆಗುತ್ತದೆ. ಪ್ರತಿ ಎರಡು ಮಿಲಿಮೀಟರಿಗೆ ಒಂದು ಅಡ್ಡಗೆರೆ, ಅದರ ನಡುವೆ ನಿಲುವುಗೆರೆಗಳು ಎಂದು ಪೂರ್ತಿ ಬರೆದ ಒಂದು ಪರೀಕ್ಷಾ ತುಂಡನ್ನು ಗೋಡೆಗೆ ಅಂಟಿಸಿ ಮೂರು ಅಡಿ ದೂರದಿಂದ ನೋಡಿದೆ. ಗೋಡೆ ಹೋಗಿ ಮೀನಿನ ಬಲೆ ಬಂದಿತ್ತು. ಆಮೇಲೆ ಹೀಗೆ ಮಾಡಿದೆ: ನೆರಳು ಬೀಳುವ ಅಂಚಿನಲ್ಲಿ, ಮೂಲೆಗಳಲ್ಲಿ ಮತ್ತು ಕಮಾನಿನ ಸುತ್ತಲಿನ ಕಲ್ಲುಗಳಲ್ಲಿ ಸಂದನ್ನು ಪೂರ್ತಿ ಬರೆದೆ, ಬಿಸಿಲು ಬಿದ್ದ ಗೋಡೆಯ ನಡುವೆ ಗೆರೆ ನಾಲ್ಕೈದು ಮಿಲಿಮೀಟರ್ ಓಡಿ ನಿಲ್ಲುತ್ತದೆ, ಸ್ವಲ್ಪ ಬಿಟ್ಟು ಮತ್ತೆ ಕಾಣಿಸಿಕೊಳ್ಳುತ್ತದೆ. ಎಲ್ಲಿ ಗೆರೆ ಇಲ್ಲವೋ ಅಲ್ಲಿ ಕಣ್ಣೇ ಅದನ್ನು ತುಂಬಿಕೊಳ್ಳುತ್ತದೆ. ಸಂದುಗಳಿಗೆ 0.13 ಮಿಲಿಮೀಟರಿನ ಪೆನ್ನು, ಕೆತ್ತನೆಗೆ 0.18, ಕಮಾನು ಮತ್ತು ಕಿಟಕಿಯ ಅಂಚಿಗೆ 0.25, ಒಂದು ಭಾಗ ಇನ್ನೊಂದರ ಮುಂದೆ ಚಾಚಿರುವ ಕಡೆ 0.35, ನೆಲದ ಗೆರೆಗೆ ಮಾತ್ರ 0.5. ಆಕಾಶಕ್ಕೆ ತಾಗುವ ಹೊರಗೆರೆಯನ್ನು ದಪ್ಪ ಮಾಡುವ ರೂಢಿ ಹಲವರಲ್ಲಿದೆ. ಗೋಥಿಕ್ ಕಟ್ಟಡಕ್ಕೆ ಅದು ಒಗ್ಗುವುದಿಲ್ಲವೆಂದು ನನ್ನ ಅಭಿಪ್ರಾಯ. ಮೇಲೆ ಮೇಲೆ ಹೋದಂತೆ ಹಗುರಾಗಬೇಕಾದ ಶಿಖರವನ್ನು ದಪ್ಪ ಗೆರೆ ನೆಲಕ್ಕೆ ಎಳೆಯುತ್ತದೆ.

ನೆರಳಿನ ಪಾಠವನ್ನು ಮುಂಬಯಿಯ ಸೂರ್ಯನೇ ಕಲಿಸಿದ. ಗೋಪುರದ ಮುಖ ಪಶ್ಚಿಮಕ್ಕೆ, ಮೈದಾನದ ಕಡೆಗಿದೆ. ಬೆಳಿಗ್ಗೆ ಅದರ ಮೇಲೆ ನೇರ ಬಿಸಿಲು ಬೀಳುವುದಿಲ್ಲ. ಹಾಗಾಗಿ ಮಧ್ಯಾಹ್ನದ ನಂತರವೇ ಹೋಗುತ್ತಿದ್ದೆ. ಡಿಸೆಂಬರಿನಲ್ಲಿ ಬರೆದುಕೊಂಡ ಟಿಪ್ಪಣಿಗಳಲ್ಲಿ ನೆರಳು ಎಡಕ್ಕೆ, ಅಂದರೆ ಉತ್ತರಕ್ಕೆ ಬಿದ್ದಿತ್ತು. ಜೂನಿನ ಮೊದಲ ವಾರ, ಮಳೆ ಹಿಡಿಯುವ ಮುಂಚೆ, ಉಳಿದ ವಿವರಗಳಿಗೆಂದು ತೆಗೆದ ಫೋಟೋಗಳಲ್ಲಿ ಅದೇ ಕಂಬಗಳ ನೆರಳು ಬಲಕ್ಕೆ ಬಿದ್ದಿತ್ತು. ಫೋಟೋ ತಿರುಗಿ ಮುದ್ರಣವಾಗಿದೆಯೆಂದು ಒಂದು ಕ್ಷಣ ಅನಿಸಿತು. ಹಾಗೇನೂ ಆಗಿರಲಿಲ್ಲ. ಮುಂಬಯಿ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರದ ಕಡೆಯಿಂದ ಹೋಗುತ್ತಾನೆ, ಸಂಜೆಯ ಬಿಸಿಲು ವಾಯವ್ಯದಿಂದ ಬೀಳುತ್ತದೆ. ಲಂಡನ್ನಿನಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುತ್ತಾನೆ. ಸ್ಕಾಟರ ಕಚೇರಿಯಲ್ಲಿ ಈ ಮುಖವನ್ನು ಬರೆದವರ ಮನಸ್ಸಿನಲ್ಲಿ, ವರ್ಷದಲ್ಲಿ ಎರಡೂ ಕಡೆಗೆ ನೆರಳು ಚೆಲ್ಲುವ ಈ ಬಿಸಿಲು ಎಷ್ಟರಮಟ್ಟಿಗೆ ಇದ್ದಿತೋ ಎಂದು ನಾನು ಅನೇಕ ಸಂಜೆ ಅಲ್ಲಿಯೇ ಕುಳಿತು ಯೋಚಿಸಿದ್ದೇನೆ.

ನಕ್ಷೆ ಬರೆಯುವವರ ಪದ್ಧತಿಯಂತೆ ಬೆಳಕು ಎಡಮೇಲಿನಿಂದ 45 ಡಿಗ್ರಿಯಲ್ಲಿ ಬರಬೇಕು. ನಾನು ಆ ಪದ್ಧತಿಯನ್ನು ಬಿಟ್ಟೆ. ಡಿಸೆಂಬರಿನ ನಾಲ್ಕು ಗಂಟೆಯ ಬಿಸಿಲನ್ನು ಆರಿಸಿಕೊಂಡೆ. ಆಗ ಸೂರ್ಯ ನೈಋತ್ಯದಲ್ಲಿ ಸುಮಾರು 25 ಡಿಗ್ರಿ ಎತ್ತರದಲ್ಲಿರುತ್ತಾನೆ, ಕಮಾನಿನ ಮೊಗಸಾಲೆಗಳ ಒಳಗೋಡೆಯವರೆಗೂ ಬೆಳಕು ನುಗ್ಗುತ್ತದೆ, ಕಂಬಗಳ ನೆರಳು ಓರೆಯಾಗಿ ಬಿದ್ದು ಮೊಗಸಾಲೆ ಎಷ್ಟು ಆಳವಿದೆಯೆಂದು ತೋರಿಸುತ್ತದೆ. ಮೂಲೆಗಳಲ್ಲಿ ಸುತ್ತಿ ಏರುವ ತೆರೆದ ಮೆಟ್ಟಿಲುಗಳಿಗೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ಮೆಟ್ಟಿಲಿನ ಅಡಿಭಾಗ ಕತ್ತಲಾಗಿ, ಕಂಬಗಳು ಬೆಳ್ಳಗಾಗಿ, ಸುರುಳಿ ಸ್ಪಷ್ಟವಾಗಿ ಕಾಣುತ್ತದೆ. ಜೂನಿನ ಫೋಟೋಗಳನ್ನು ಆಕಾರಕ್ಕೆ ಮಾತ್ರ ಬಳಸಿ, ಅವುಗಳ ನೆರಳನ್ನು ಕಣ್ಣಿನಿಂದ ಅಳಿಸಿಕೊಂಡು ಬರೆಯಬೇಕಾಯಿತು.

ಪ್ರತಿಮೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗೋಪುರದ ಮೇಲೆ ಪಶ್ಚಿಮ ಭಾರತದ ವಿವಿಧ ಜನವರ್ಗಗಳನ್ನು ತೋರಿಸುವ 24 ಪ್ರತಿಮೆಗಳಿವೆ, ಒಂದೊಂದೂ 8 ಅಡಿ ಎತ್ತರ. ಅವುಗಳ ಮಾದರಿಯನ್ನು ರೂಪಿಸಿದವರು ರಾವ್ ಬಹಾದ್ದೂರ್ ಮುಕುಂದ ರಾಮಚಂದ್ರ. ಇಂಗ್ಲೆಂಡಿನ ಗೋಥಿಕ್ ಗೋಪುರದಲ್ಲಿ ಸಂತರೂ ದೇವದೂತರೂ ನಿಲ್ಲುವ ಗೂಡುಗಳಲ್ಲಿ ಇಲ್ಲಿ ರುಮಾಲು ಸುತ್ತಿದ, ಪೇಟ ಧರಿಸಿದ, ಅಂಗರಖ ತೊಟ್ಟ ನಮ್ಮ ಜನ ನಿಂತಿದ್ದಾರೆ. ಇಡೀ ಕಟ್ಟಡದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ನನ್ನ ಹಾಳೆಯಲ್ಲಿ ಒಂದು ಪ್ರತಿಮೆ 1.6 ಸೆಂಟಿಮೀಟರ್, ಅದರ ಮುಖ ಎರಡು ಮಿಲಿಮೀಟರ್. ಎರಡು ಮಿಲಿಮೀಟರಿನಲ್ಲಿ ಕಣ್ಣು-ಮೂಗು ಬರೆಯಲು ಹೋದರೆ ಅದು ಮಸಿಯ ಚುಕ್ಕೆಯಾಗುತ್ತದೆ. ಉದ್ದದ ಲೆನ್ಸಿನಿಂದ ತೆಗೆದ ಫೋಟೋಗಳನ್ನು ಗಮನಿಸುತ್ತ ಹೋದಾಗ, ಕೆತ್ತಿದವರೂ ಗುರುತನ್ನು ಮುಖದಲ್ಲಿ ಇಡದೆ ತಲೆಯುಡುಗೆಯಲ್ಲಿಯೂ ಬಟ್ಟೆಯ ನೆರಿಗೆಯಲ್ಲಿಯೂ ಇಟ್ಟಿದ್ದಾರೆಂದು ತಿಳಿಯಿತು; ನೂರಾರು ಅಡಿ ಕೆಳಗೆ ನಿಂತವನಿಗೆ ಮುಖ ಕಾಣುವುದಿಲ್ಲ, ಪೇಟ ಕಾಣುತ್ತದೆ. ನಾನೂ ಅದನ್ನೇ ಅನುಸರಿಸಿದೆ. ಮುಖಕ್ಕೆ ಬಲದಿಂದ ಬೀಳುವ ಬೆಳಕಿನ ಬಿಳಿಯನ್ನು ಮಾತ್ರ ಬಿಟ್ಟು, ಪೇಟದ ಸುತ್ತನ್ನು ಮೂರು-ನಾಲ್ಕು ಗೆರೆಯಲ್ಲಿ, ಭುಜದಿಂದ ಇಳಿಯುವ ಬಟ್ಟೆಯನ್ನು ಎರಡು ಗೆರೆಯಲ್ಲಿ ಬರೆದೆ. ಒಂದೊಂದು ಪ್ರತಿಮೆಗೂ ಒಂದೊಂದು ಸಂಜೆ ಕೊಟ್ಟೆ.

ಮೈದಾನದ ಅಂಚಿನ ತಾಳೆಮರಗಳು ಕೆಳಗಿನ ಅಂತಸ್ತನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತವೆ. ಪತ್ರ ಬರೆದು ಅನುಮತಿ ಪಡೆದು ಆವರಣದೊಳಗೆ ಮೂರು ಸಲ ಹೋಗಿ ಪೋರ್ಚನ್ನೂ ಕೆಳಗಿನ ಕಮಾನುಗಳನ್ನೂ ಹತ್ತಿರದಿಂದ ಅಳೆದುಕೊಂಡೆ. ಗೋಪುರದ ಮೆಟ್ಟಿಲು ಸಾರ್ವಜನಿಕರಿಗೆ ಮುಚ್ಚಿದೆ, ಅದನ್ನು ಕೇಳಲೂ ಇಲ್ಲ. ಓದುವ ಕೋಣೆಯಲ್ಲಿ ನಿಂತಾಗ ಬಣ್ಣದ ಗಾಜಿನ ಮೂಲಕ ಬಂದ ಸಂಜೆಯ ಬೆಳಕು ಮೇಜಿನ ಮೇಲೆ ಹರಡಿತ್ತು. ಅದೇ ಗಾಜು ಹೊರಗಿನಿಂದ ಕಪ್ಪಾಗಿ ಕಾಣುತ್ತದೆ, ಗಾಜಿನ ತುಂಡುಗಳನ್ನು ಜೋಡಿಸಿದ ಸೀಸದ ಪಟ್ಟಿಗಳಷ್ಟೇ ತಿಳಿಯುತ್ತವೆ. ಎಲಿವೇಶನ್ ಹೊರಗಿನ ಚಿತ್ರ. ಅಲ್ಲಿ ಗಾಜನ್ನು ಕಪ್ಪಾಗಿಯೇ ತೋರಿಸಬೇಕು. ಒಳಗಿನ ಬಣ್ಣವನ್ನು ನೋಡಿ ಬಂದ ಮೇಲೆ ಆ ಕಿಟಕಿಗಳನ್ನು ಮಸಿಯಿಂದ ತುಂಬುವುದಕ್ಕೆ ಕೈ ಬರಲಿಲ್ಲ, ಒಂದು ವಾರ ಅವನ್ನು ಹಾಗೆಯೇ ಬಿಟ್ಟಿದ್ದೆ. ಕೊನೆಗೆ ಪೂರ್ತಿ ತುಂಬಿಸದೆ ಒತ್ತೊತ್ತಾದ ಗೆರೆಗಳಲ್ಲಿ ಕಪ್ಪು ಮಾಡಿ, ಸೀಸದ ಪಟ್ಟಿಗಳ ಜಾಗವನ್ನು ಬಿಳಿಯಾಗಿ ಉಳಿಸಿದೆ. ಪಕ್ಕದ ಕಾನ್ವೊಕೇಶನ್ ಸಭಾಂಗಣವೂ ಸ್ಕಾಟರದ್ದೇ. ಅದು ಹಾಳೆಯ ಅಂಚಿನಲ್ಲಿ ತೆಳುವಾದ ಹೊರಗೆರೆಯಾಗಿ ಮಾತ್ರ ಇದೆ.

ಹದಿನೈದು ನಿಮಿಷಕ್ಕೊಮ್ಮೆ ಹೊಡೆಯುವ ಗಂಟೆಯೇ ನನ್ನ ಕೆಲಸದ ಗಡುವಾಗಿತ್ತು. ಗಂಟೆಯ ಒಂದು ಹೊಡೆತದಿಂದ ಮುಂದಿನ ಹೊಡೆತದವರೆಗೆ ಒಂದೇ ವಿವರ. ಅದು ಮುಗಿಯದಿದ್ದರೂ ಮುಂದಿನದಕ್ಕೆ ಹೋಗುತ್ತಿದ್ದೆ, ಏಕೆಂದರೆ ನೆರಳು ಕಾಯುವುದಿಲ್ಲ. ಬರೆದು ಮುಗಿಸಿ ಚಹಾಕ್ಕೆ ಹೋಗುತ್ತಿದ್ದ ಚಿಕ್ಕ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದವರು ನಮ್ಮೂರ ಕಡೆಯವರೇ. ‘ಎಂತ ಮಾರಾಯ್ರೆ, ನೀವು ದಿನಾ ಅದನ್ನೇ ಬರೀತ್ರಿಯಾ? ಅದಿನ್ನೂ ಮುಗಿಲಿಲ್ಯಾ?’ ಎಂದು ಕೇಳುತ್ತಿದ್ದರು. ಚಿತ್ರ ಮುಗಿದ ಮೇಲೆ ಮೊದಲ ಪ್ರತಿಯನ್ನು ಅವರಿಗೇ ಕೊಟ್ಟೆ; ಗಲ್ಲಾದ ಹಿಂದಿನ ಗೋಡೆಯಲ್ಲಿ ಅದು ಈಗಲೂ ಇದೆ.

ಜುಲೈ ತಿಂಗಳಲ್ಲಿ ಇಂಕಿನ ಕೆಲಸ ಹಿಡಿದದ್ದು ನನ್ನ ಎರಡನೆಯ ತಪ್ಪು. ಮುಂಬಯಿಯ ಮಳೆಗಾಲದ ಗಾಳಿಯಲ್ಲಿ ಕಾಗದ ನೀರನ್ನು ಕುಡಿದು ಉಬ್ಬುತ್ತದೆ. ಬಲಭಾಗದ ಪ್ಯಾರಾಪೆಟ್ಟಿನ ಮೇಲೆ ಎಳೆದ 0.18ರ ಗೆರೆ ಕಾಗದದ ನಾರಿನೊಳಗೆ ಹರಡಿ ಹಲ್ಲಿಯ ಕಾಲಿನಂತೆ ಕವಲೊಡೆಯಿತು. ಬ್ಲೇಡಿನ ತುದಿಯಿಂದ ಮಸಿಯನ್ನು ಕೆರೆದು, ಉಗುರಿನ ಬೆನ್ನಿನಿಂದ ಆ ಜಾಗವನ್ನು ಉಜ್ಜಿ ನಯ ಮಾಡಿ, ಮೂರು ದಿನ ಬಿಟ್ಟು ಮತ್ತೆ ಬರೆದೆ. ಹತ್ತಿರದಿಂದ ನೋಡಿದರೆ ಈಗಲೂ ಗೊತ್ತಾಗುತ್ತದೆ. ಅದಾದ ಮೇಲೆ ಹಾಳೆಯನ್ನು ಬೋರ್ಡಿನ ಸಮೇತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ದಸರೆಯವರೆಗೆ ಮುಟ್ಟಲಿಲ್ಲ. ಆ ಅವಧಿಯಲ್ಲಿ ದೊಡ್ಡ ಅಳತೆಯ ವಿವರಗಳನ್ನಷ್ಟೇ ಪೆನ್ಸಿಲಿನಲ್ಲಿ ಮುಂದುವರಿಸಿದೆ. ಕರಾವಳಿಯ ಊರುಗಳಲ್ಲಿ ಇಂಥ ಕೆಲಸ ಮಾಡುವವರು ಇಂಕನ್ನು ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಸುವಂತೆ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಕಾಗದ ಉಬ್ಬುವುದರಿಂದ ಇನ್ನೊಂದು ತೊಂದರೆಯಿದೆ: ಅಳತೆಯೇ ಬದಲಾಗುತ್ತದೆ. ಅದಕ್ಕೆಂದೇ ಹಾಳೆಯ ಕೆಳಗೆ, ಕಟ್ಟಡವನ್ನು ಬರೆಯುವ ಮೊದಲೇ, 100 ಅಡಿ ಮತ್ತು 30 ಮೀಟರಿನ ಎರಡು ಅಳತೆಪಟ್ಟಿಗಳನ್ನು ಬರೆದಿಟ್ಟಿದ್ದೆ. ಕಾಗದ ಹಿಗ್ಗಿದರೆ ಪಟ್ಟಿಯೂ ಹಿಗ್ಗುತ್ತದೆ, ಕುಗ್ಗಿದರೆ ಪಟ್ಟಿಯೂ ಕುಗ್ಗುತ್ತದೆ. ಈ ಪಟ್ಟಿ ನನ್ನನ್ನು ಬೇರೆ ಕಡೆಯೂ ಕಾಪಾಡಿತು. ಸ್ಕ್ಯಾನ್ ಮಾಡಿಸಲು ಕೊಟ್ಟ ಅಂಗಡಿಯಲ್ಲಿ ಹಾಳೆಯ ಅಂಚಿಗೆ ಸರಿಹೊಂದುವಂತೆ ಚಿತ್ರವನ್ನು ಕುಗ್ಗಿಸಿ ಮುದ್ರಿಸಿಬಿಟ್ಟಿದ್ದರು. ಹತ್ತು ಪ್ರತಿಗಳಲ್ಲಿ ಒಂದೂ ಒಂದಕ್ಕೆ ನೂರೈವತ್ತು ಇರಲಿಲ್ಲ. ‘ಒಂದಕ್ಕೆ ನೂರೈವತ್ತು’ ಎಂದು ಅಕ್ಷರದಲ್ಲಷ್ಟೇ ಬರೆದಿದ್ದರೆ ಆ ಹತ್ತೂ ಪ್ರತಿಗಳು ಸುಳ್ಳು ಹೇಳುತ್ತಿದ್ದವು. ಪಟ್ಟಿಯಿದ್ದುದರಿಂದ ಅವನ್ನು ಎಸೆಯಬೇಕಾಗಲಿಲ್ಲ, ಅಂಕೆಯನ್ನು ಹೊಡೆದುಹಾಕಿ ಇಟ್ಟುಕೊಂಡೆ.

ಕೊನೆಯದಾಗಿ ಉಳಿದದ್ದು ಗಡಿಯಾರದ ಮುಳ್ಳುಗಳು. ನೆರಳು ನಾಲ್ಕು ಗಂಟೆಯದಾದ ಮೇಲೆ ಮುಳ್ಳುಗಳೂ ನಾಲ್ಕನ್ನೇ ತೋರಿಸಬೇಕು. ಮುಖಬಿಲ್ಲೆಯ ಮೇಲೆ ಅವನ್ನು 0.25ರ ಪೆನ್ನಿನಲ್ಲಿ ಎರಡು ಗೆರೆಯಾಗಿ ಎಳೆದೆ. ಪೋರ್ಚಿನ ಬದಿಯಲ್ಲಿ, ಎತ್ತರದ ಅಂದಾಜಿಗೆಂದು, 1.1 ಸೆಂಟಿಮೀಟರಿನ ಒಬ್ಬ ಹುಡುಗನನ್ನು ನಿಲ್ಲಿಸಿದ್ದೇನೆ. ಅವನು ಮೇಲೆ ನೋಡುತ್ತಿದ್ದಾನೆ, ಕಂಕುಳಲ್ಲಿ ಪುಸ್ತಕವಿದೆ.

ಈಗ ಬೋರ್ಡಿನ ಮೇಲೆ ಹೊಸ ಹಾಳೆಯಿದೆ. ಈ ಸಲ ಕೆಳಗಿನ ಅಂತಸ್ತಿನ ಪ್ಲಾನು. ಪೋರ್ಚಿನ ಆಚೀಚೆಯ ಎರಡು ಕೋಣೆಗಳು, ತಲಾ 56 ಅಡಿಗೆ ಇಪ್ಪತ್ತೇಳೂವರೆ ಅಡಿ. ಅದೇ ಅಳತೆಯಲ್ಲಿ 11.4ಕ್ಕೆ 5.6 ಸೆಂಟಿಮೀಟರ್. ಗೋಡೆಗಳ ದಪ್ಪವನ್ನು ಅಳೆಯುವುದಕ್ಕೆ ಮತ್ತೊಮ್ಮೆ ಅನುಮತಿ ಕೇಳಿ ಪತ್ರ ಬರೆದಿದ್ದೇನೆ.